ಗ್ರೀಕರು ಬೆಟಗೇರಿಗೆ ಬಂದದ್ದು

ಬೆಟಗೇರಿ
೧೪ ಜೂನ್ ೨೦೨೪

ಮಗಳು ಸಲೋಮಿಗೆ,

ನಿನ್ನೆ ಫೋನ್ ಕಟ್ ಮಾಡಿದಾಂವ ನಾನ. ಮಾಡಿದ್ದು ಸರಿನ ಐತಿ. ಇನ್ನೊಂದು ಮಿನೀಟು ಮಾತಾಡಿದ್ರ ಬಾಯಾಗ ಬರಬಾರದ್ದು ಬರತಿತ್ತು. ಪತ್ರದಾಗ ಹಂಗಲ್ಲ. ಸಿಟ್ಟು ಬಂದ್ರ ಪೆನ್ನು ಕೆಳಗಿಟ್ಟು, ಮಗ್ಗದ ಮ್ಯಾಲ ಕುಂತು ಒಂದು ಗೇಣು ನೇದು, ಮತ್ತ ಬಂದು ಬರೀಬಹುದು. ಈ ಪತ್ರ ಬರಿಯೂದರಾಗ ಮೂರು ಗೇಣು ನೇದೇನಿ. ಇನ್ ಮ್ಯಾಲ ಈ ವಿಷಯಕ್ಕ ಫೋನ್ ಬ್ಯಾಡ.

ಮಂಗಳೂರಿನ ನಿನ್ನ ದೇವಜ್ಞಾನ ಶಾಲಿಯಿಂದ ನೀ ಕಳಿಸಿದ ಪ್ರಬಂಧ ಮುಟ್ಟಿತು. 'ಮೊದಲ ಕ್ರೈಸ್ತರು ಮತ್ತು ಗ್ರೀಕ್ ತತ್ವಜ್ಞಾನ'. ಮಗಳು ಬರದಾಳ ಅಂತ ಚಾಳೀಸು ಒರಸಿಕೊಂಡು ಹೆಮ್ಮಿಲೆ ಓದಾಕ ಕುಂತೆ. ಹನ್ನೆರಡನೇ ಪುಟಕ್ಕ ಬಂದೆ ನೋಡು, ತಲಿ ಗಿರ್ ಅಂತು. 'ಆತ್ಮಕ್ಕೆ ಸಾವಿಲ್ಲವೆಂಬ ಮಾತು ಕ್ರಿಸ್ತನ ಶಿಷ್ಯರದಲ್ಲ, ಗ್ರೀಕರದು. ಚರ್ಚು ಅದನ್ನು ಎರವಲು ತಂದಿತು.' ಇದನ್ನ ಬರಿಯಾಕ ನಿನಗ ಕೈಯರ ಹೆಂಗ ಬಂತವ್ವಾ? ನಲವತ್ತು ವರ್ಷ ಆತು, ನಮ್ಮ ಓಣಿ ಚರ್ಚಿನ ಭಾನುವಾರದ ಶಾಲಿಯೊಳಗ ಹುಡುಗರಿಗೆ ನಾ ಕಲಿಸಾಕ ಹತ್ತಿ. ಅಷ್ಟೂ ವರ್ಷ ಮಂದಿ ಮಾತು ಕಲಿಸಿದೆ ಅಂದಂಗಾತು. ಗ್ರೀಕರಿಗೂ ನಮಗೂ ಏನು ಸಂಬಂಧ? ಅವರೇನು ನಮ್ಮ ಬೀಗರ?

ನವೆಂಬರದಾಗ ನೀ ನಮ್ಮ ಚರ್ಚಿನ ಪೀಠದ ಮ್ಯಾಲ ನಿಂತು ಪರೀಕ್ಷಾ ಪ್ರಸಂಗ ಮಾಡಬೇಕು. ಅದನ್ನ ಕೇಳಿ ಐದು ಮಂದಿ ಹಿರಿಯರು ಸಹಿ ಹಾಕಿದ್ರನ ನಿನಗ ಪಾದ್ರಿ ದೀಕ್ಷಾ. ಆ ಐದರಾಗ ನಾನೂ ಒಬ್ಬ. ಮಗಳು ಅಂತ ಕಣ್ಣು ಮುಚ್ಚಿ ಸಹಿ ಒಗೀಲಿ? ಇಪ್ಪತ್ಮೂರಕ್ಕ ಭಾನುವಾರ ಹಿರಿಯರ ಕೂಟ ಐತಿ. ಈ ಪುಟ ಒಯ್ದು ಅವರ ಮುಂದ ಓದತೇನಿ. ನಿನಗ ಬುದ್ಧಿ ಬರಬೇಕಂದ್ರ ಇದ ಸರಿ.

ಅಗಸಿ ಚಟ್ನಿ ಕುಟ್ಟಿಸಿಟ್ಟೇನಿ. ಯಾರರ ಆ ಕಡೆ ಬಂದ್ರ ಕಳಿಸತೇನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸಿಟ್ಟಿನಾಗಿರೋ ನಿಮ್ಮಪ್ಪ,
ಸಮಾಧಾನಪ್ಪ


ಮಂಗಳೂರು
೨೦ ಜೂನ್ ೨೦೨೪

ಅಪ್ಪಾ,

ಹಿರಿಯರ ಮುಂದ ಓದಬ್ಯಾಡ. ಕಡೀಕ ಬರಿಯೋ ಮಾತನ್ನ ಮೊದಲ ಬರದೇನಿ. ನೀ ಬ್ಯಾಡಂದ್ರೂ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನೀ ಓದಿದ್ದು ಮೊದಲನೇ ಅಧ್ಯಾಯ. ಅದರಾಗ ಇರೋದು ನನ್ನ ಮಾತಲ್ಲ, ನನ್ನ ಎದುರು ಪಕ್ಷದವರ ಮಾತು. ಭಾನುವಾರದ ಶಾಲಿಯೊಳಗ ಚರ್ಚಾಸ್ಪರ್ಧೆ ಇಟ್ಟಾಗ ನೀನ ಹೇಳತಿದ್ದಿ: 'ಮೊದಲ ಎದುರಿನವರ ಮಾತನ್ನ ಅವರಕಿಂತ ಚಲೋ ಹೇಳ್ರಿ, ಆಮ್ಯಾಲ ಉತ್ತರಾ ಕೊಡ್ರಿ, ಇಲ್ಲಂದ್ರ ಅದು ಗೆಲುವಲ್ಲ, ಬಡದಾಟ.' ಹಂಗ ಕಲತಾಕಿ ನಾನು. ಕಲಿಸಿದ ಮಾಸ್ತರನ ಅರ್ಧಕ್ಕ ಓದಿ ಎದ್ದು ಹೋದ್ರ ಏನು ಮಾಡಲಿ? ಉತ್ತರಾ ಎರಡನೇ ಅಧ್ಯಾಯದಾಗ ಐತಿ.

ಗ್ರೀಕರು ಬೀಗರಲ್ಲ ಅಂದಿ. ಕೇಳು. ಸುಮಾರು ಹತ್ತೊಂಬತ್ತುನೂರು ವರ್ಷದ ಹಿಂದ ಒಬ್ಬ ಗ್ರೀಕ್ ಪಂಡಿತ ಕ್ರೈಸ್ತ ಆದ. ತತ್ವಜ್ಞಾನಿಗಳು ಹೊದ್ದುಕೊಳ್ಳೋ ಮೇಲುಹೊದಿಕಿ ಅಂವನ ಮೈಮ್ಯಾಲ ಇತ್ತು. ದೀಕ್ಷಾಸ್ನಾನ ಆದಮ್ಯಾಲೂ ಅದನ್ನ ತಗೀಲಿಲ್ಲ. ಸತ್ಯಾ ಹುಡುಕೂ ಮುಂದ ಹಾಕ್ಕೊಂಡ ಬಟ್ಟಿ, ಸತ್ಯಾ ಸಿಕ್ಕಮ್ಯಾಲ ಯಾಕ ಕಳೀಲಿ ಅಂತ ಅದರಾಗನ ಸುವಾರ್ತೆ ಸಾರಿದ. ಕಡೀಕ ಅದಕ್ಕ ಜೀವಾನೂ ಕೊಟ್ಟ. ನಿನ್ನ ಪಕ್ಷದಾಂವನೂ ಒಬ್ಬ ಇದ್ದ. ಆಫ್ರಿಕಾದಾಂವ, ನಿನ್ನಷ್ಟ ಸಿಟ್ಟಿನ ಮನಿಷ್ಯಾ. ಗ್ರೀಕರಿಗೂ ನಮಗೂ ಏನು ಸಂಬಂಧ ಅಂತ ನಿನ್ನಂಗನ ಗದರಿಸಿ ಕೇಳಿದ. ಮುಂದ ಏನಾತು? ಅಂವನೂ ಅದ ಮೇಲುಹೊದಿಕಿ ಹೊದ್ದು ಓಡಾಡಿದ, ಮಂದಿ ನಕ್ಕಾಗ ಅದರ ಪರವಾಗಿ ಒಂದು ಪುಸ್ತಕಾನ ಬರದ!

ಗ್ರೀಕ್ ಮಾತಾಡೋ ಊರಾಗ ಬೆಳೆದ ಧರ್ಮ ಗ್ರೀಕರ ಶಬ್ದ ಬಿಟ್ಟು ಹೆಂಗ ಮಾತಾಡೀತು? ನಮ್ಮ ಪ್ರಾರ್ಥನಿಯೊಳಗ 'ಆತ್ಮ', 'ಕೃಪೆ', 'ಮೋಕ್ಷ' ಅಂತೇವಿ. ಈ ಶಬ್ದ ನಮ್ಮ ಚರ್ಚು ಕಟ್ಟಿದ ಜರ್ಮನ್ ಪಾದ್ರಿಗಳು ಹಡಗಿನಾಗ ಹೇರಿಕೊಂಡು ತಂದರೇನು? ಗದಗಿನ ಮಠದಾಗ, ಲಕ್ಷ್ಮೇಶ್ವರದ ಬಸದಿಯೊಳಗ ಮೊದಲ ಇದ್ದವು. ಹಾಸು ಒಬ್ಬರದಿದ್ರ ಹೊಕ್ಕು ಇನ್ನೊಬ್ಬರದು, ನೇದ ಮ್ಯಾಲ ಬಟ್ಟಿ ಒಂದ.

ಎರಡನೇ ಅಧ್ಯಾಯ ಓದು. ಓದಿ ಬೈದ್ರ ಬೈಸಿಕೊಳ್ಳತೇನಿ.

ನಿನ್ನ ಹಟದ ಮಗಳು,
ಸಲೋಮಿ


ಬೆಟಗೇರಿ
೨ ಜುಲೈ ೨೦೨೪

ಸಲೋಮಿ,

ನಿನ್ನ ಪತ್ರ ಮಂಗಳವಾರ ಬಂತು. ಕೂಟ ಭಾನುವಾರನ ಮುಗದಿತ್ತು.

ಓದಿದೆ. ನನ್ನ ದನಿ ನಿನಗ ಗೊತ್ತೈತಲ್ಲ, ಮಗ್ಗದ ಸಪ್ಪಳದಾಗ ಬೆಳದ ದನಿ. ನಮ್ಮ ಹಿರಿಯರಾಗಿನ ದೇವದಾನಪ್ಪ, ಸೈಕಲ್ ಅಂಗಡಿಯಾಂವ, ಅಂವ ಎದ್ದು 'ಇಂಥಾ ಹುಡುಗಿ ಪೀಠಕ್ಕ ಬ್ಯಾಡ' ಅಂದ. ಉಳದವರು ಹೌದಂತ ಗೋಣು ಹಾಕಿದರು. ನವೆಂಬರದ ಪಟ್ಟಿಯೊಳಗ ನಿನ್ನ ಹೆಸರು ಹೊಡದು ಹಾಕಿದರು. ನಿನಗ ಬೈಸಬೇಕಂತ ಓದಿದ್ದೆ, ಹೆಸರು ಹೊಡೀಲಿ ಅಂತ ಓದಿದ್ದಿಲ್ಲ. ಆದ್ರ ಪುಟಾ ಮಡಚಿ ಕಿಸೆದಾಗ ಇಟ್ಟುಕೊಂಡು ಮನಿಗೆ ಬಂದೆ. ಇದನ್ನ ನಿನಗ ಹೇಳಬೇಕಾತು, ಹೇಳೇನಿ.

ಎರಡನೇ ಅಧ್ಯಾಯ ಓದಂಗಿಲ್ಲ. ಉತ್ತರಾ ಇದ್ರ ಅದನ್ನ ಮುಂದ ಇಡಬೇಕಿತ್ತು. ಮನಿಗೆ ಬಂದವರಿಗೆ ಮೊದಲ ನೀರು ಕೊಡತಾರೋ ಏಟು ಕೊಡತಾರೋ? ಹಾಸು ಹೊಕ್ಕು ಅಂತ ನೇಕಾರಗ ಹೇಳಾಕ ಬರಬ್ಯಾಡ. ಎಳಿ ಯಾರದು, ಎಷ್ಟು ಗಟ್ಟಿ ಅಂತ ಎಳದು ನೋಡದ ನಾ ಮಗ್ಗ ಏರಿಸಿದಾಂವಲ್ಲ.

ಮಳಿ ಚಲೋ ಆಗೈತಿ. ಸಾಕು.

ಸಮಾಧಾನಪ್ಪ


ಮಂಗಳೂರು
೧೮ ಆಗಸ್ಟ್ ೨೦೨೪

ಮಕ್ತುಮಸಾಬ ಚಾಚಾರಿಗೆ ನಮಸ್ಕಾರರಿ,

ಹುಲಕೋಟಿ ಶಾಲಿಯೊಳಗ ನೀವೂ ನಮ್ಮಪ್ಪನೂ ಒಂದ ಬೆಂಚಿನ ಮ್ಯಾಲ ಕುಂತವರು. ಅಂವ ಯಾರ ಮಾತು ಕೇಳದಿದ್ರೂ ನಿಮ್ಮ ಮಾತು ಕೇಳತಾನ್ರಿ. ತಿಂಗಳಿಗೊಮ್ಮೆ ಮೊಣಕಾಲಿನ ಎಣ್ಣಿಗೆ ಲಕ್ಷ್ಮೇಶ್ವರಕ್ಕ ನಿಮ್ಮ ದವಾಖಾನಿಗೆ ಬರತಾನಂತ ಗೊತ್ತೈತಿ, ಅದಕ್ಕ ಬರದೇನಿ.

ನನ್ನ ಪ್ರಬಂಧದ ಜಗಳಾ ನಿಮ್ಮ ಕಿವಿಗೂ ಬಿದ್ದಿರಬೇಕು. ಜುಲೈದಿಂದ ಮೂರು ಪತ್ರ ಬರದೇನ್ರಿ, ಒಂದಕ್ಕೂ ಉತ್ತರಾ ಇಲ್ಲ. ಫೋನ್ ಮಾಡಿದ್ರ 'ಅರಾಮ ಅದೇನಿ' ಅಂತಾನ, ಇಡತಾನ. ದೀಕ್ಷಾ ಹೋದ್ರ ಹೋಗಲ್ರಿ, ಅಲ್ಲ, ಹೋಗಬಾರದು, ಸುಳ್ಳ ಯಾಕ ಹೇಳಲಿ, ಅದಕ್ಕಂತ ನಾಕು ವರ್ಷ ಓದೇನಿ. ಆದ್ರ ಅಪ್ಪ ಇಷ್ಟು ಸಿಟ್ಟಾಗೂ ಅಂಥಾದ್ದು ಗ್ರೀಕರಾಗ ಏನೈತಿ ಅಂತ ನನಗ ತಿಳೀವಲ್ದು. ಸಿಟ್ಟು ಬಂದ್ರ ಅಂವ ಒದರತಾನ, ಹಿಂಗ ಸುಮ್ಮ ಕುಂದ್ರಂಗಿಲ್ಲ. ಒಮ್ಮೆ ಕೇಳಿ ನೋಡ್ರಿ. ಮೋತಿಬಿ ಚಾಚಿಗೂ ಸಲಾಮ ಹೇಳ್ರಿ.

ನಿಮ್ಮ ಹುಡುಗಿ,
ಸಲೋಮಿ


ಲಕ್ಷ್ಮೇಶ್ವರ
೫ ಸೆಪ್ಟೆಂಬರ್ ೨೦೨೪

ಬೇಟಿ ಸಲೋಮಿಗೆ ಚಾಚಾನ ದುವಾ,

ನಿಮ್ಮಪ್ಪ ನಿನ್ನೆ ಬಂದಿದ್ದ. ಶಿರಹಟ್ಟಿ ಮ್ಯಾಲ ಸುತ್ತಿ ಬರೋ ಬಸ್ಸು ಹತ್ತಿ, ದಾರಿಯುದ್ದಕ್ಕೂ ಮೊಣಕಾಲು ಹಿಡಕೊಂಡು ಬಂದಾನ. ಹೆಸರು ಸಮಾಧಾನ, ಮಾರಿ ಮಾತ್ರ ಕಾದ ಹಂಚು. ಎಣ್ಣಿ ತಿಕ್ಕಿಕೋತ ನಾ ಅಂದೆ: 'ಲೇ ಸಮಾಧಾನ, ಮೂವತ್ತು ವರ್ಷದಿಂದ ಈ ಎಣ್ಣಿ ಒಯ್ತಿ. ಈ ಇಲಾಜಿಗೆ ಯುನಾನಿ ಅಂತಾರ. ಯುನಾನ ಅಂದ್ರ ಗ್ರೀಕರ ಮುಲುಕ. ಅವರ ವೈದ್ಯಾ ಅರಬರು ಕಲತರು, ಅರಬರಿಂದ ನಮ್ಮ ಹಿರ್ಯಾರು ಕಲತರು, ಈಗ ನಿನ್ನ ಕಾಲಿಗೆ ಹತ್ತೇತಿ. ನಿನ್ನ ಮೊಣಕಾಲು ಎಂದರ ತಕರಾರ ತಗದೈತೇನು?'

ನಗತಾನ ಅಂತ ಮಾಡಿದ್ದೆ. ನಗಲಿಲ್ಲ ಬೇಟಿ. ಗ್ವಾಡಿ ಕಡೆ ಮಾರಿ ಮಾಡಿ ಕೇಳಿದ: 'ಮಕ್ತುಮ, ಹಂಗಾರ ನನ್ನ ಸುವಾರ್ತಿ ಎಲ್ಲದಾಳ?'

ಮೂರು ವರ್ಷದ ಹಿಂದ ಸುವಾರ್ತಿ, ನಿಮ್ಮವ್ವ, ದವಾಖಾನಿಯೊಳಗ ಕಣ್ಣು ಮುಚ್ಚಿದಾಗ ಅಂವ ನಿನ್ನ ಹೆಗಲ ಮ್ಯಾಲ ಕೈ ಇಟ್ಟು ಒಂದು ಮಾತು ಹೇಳಿದ್ದನಂತ. ಅವ್ವನ ಆತ್ಮ ಸತ್ತಿಲ್ಲ ಅಂತ. 'ಆ ಮಾತಿನ ಮ್ಯಾಲ ಮೂರು ವರ್ಷ ಉಂಡೇನಿ, ಮಲಗೇನಿ, ಮಗ್ಗದ ಮುಂದ ಕುಂತೇನಿ,' ಅಂದ. 'ಈಗ ನನ್ನ ಮಗಳು ಅದು ಎರವಲು ಮಾಲು ಅಂತ ಬರದಾಳ. ಎರವಲು ತಂದದ್ದನ್ನ ಒಂದಿಲ್ಲ ಒಂದಿನ ವಾಪಸ ಕೊಡಬೇಕಲ್ಲೋ? ಆವಾಗ ನನ್ನ ಕಡೆ ಏನು ಉಳೀತು?'

ಎಣ್ಣಿ ಶೀಶೆ ಅಂವನ ಕೈಯಾಗಿಟ್ಟು ಬಸ್ಸಿಗೆ ಹತ್ತಿಸಿ ಬಂದೆ. ಇದಕ್ಕ ಉತ್ತರಾ ಎರಡನೇ ಅಧ್ಯಾಯದಾಗ ಐತಿ ಅಂತ ನೀ ಅಂವಗ ಬರದೀಯಂತ. ಗ್ರೀಕರ ಸಂಗಾಟ ಜಗಳಾ ಬಿಟ್ಟು ಅದನ್ನ ಬರಿ. ಜಲ್ದಿ ಬರಿ.

ನಿನ್ನ ಚಾಚಾ,
ಹಕೀಮ ಮಕ್ತುಮಸಾಬ


ಮಂಗಳೂರು
೧೨ ಸೆಪ್ಟೆಂಬರ್ ೨೦೨೪

ಅಪ್ಪಾ, ನನ್ನಪ್ಪಾ,

ಚಾಚಾ ಎಲ್ಲಾ ಬರದಾರ. ಅವರ ಮ್ಯಾಲ ಸಿಟ್ಟಾಗಬ್ಯಾಡ. ಮೂರು ತಿಂಗಳು ನಾ ನಿನ್ನ ಕೂಡ ಗ್ರೀಕರ ಬಗ್ಗೆ ಜಗಳಾಡಿದೆ. ನೀ ಅವ್ವನ ಬಗ್ಗೆ ಜಗಳಾಡತಿದ್ದಿ. ನನಗ ಗೊತ್ತಾಗಲಿಲ್ಲ. ಇಷ್ಟು ಓದಿದಾಕಿಗೆ ಅಷ್ಟು ತಿಳೀಲಿಲ್ಲಲ್ಲ ಅಂತ ನಾಚಿಕಿ ಬಂತು.

ಕ್ರಿಸ್ತ ಹುಟ್ಟೂಕಿಂತ ನಾಕುನೂರು ವರ್ಷ ಮೊದಲ ಅಥೆನ್ಸದಾಗ ಸಾಕ್ರೆಟಿಸ್ ಅಂತ ಒಬ್ಬ ಮುದುಕಾ ಇದ್ದ. ಚಾಚಾ ಅಂವಗ ಸುಕ್ರಾತ ಅಂತಾರ. ಊರ ಹುಡುಗರನ್ನ ಕೆಡಸ್ತಾನ ಅಂತ ಅಂವಗ ವಿಷಾ ಕುಡಿಯೋ ಶಿಕ್ಷಾ ಆತು. ಗೆಳೆಯಾರು ಅಳತಿದ್ದರು. ಅಂವ ತನ್ನ ಕಡೀ ದಿನಾನ ಅವರಿಗೆ ಧೈರ್ಯಾ ಹೇಳೂದರಾಗ ಕಳದ, ದೇಹ ಸತ್ರೂ ಆತ್ಮ ಸಾಯಂಗಿಲ್ಲ ಅಂತ. ಅಂವಗ ನಮ್ಮ ಶಾಸ್ತ್ರ ಗೊತ್ತಿದ್ದಿಲ್ಲ, ನಮ್ಮ ಕರ್ತನ ಹೆಸರು ಗೊತ್ತಿದ್ದಿಲ್ಲ. ಕತ್ತಲದಾಗ ಕೈಯಾಡಿಸಿ ಅಲ್ಲೀತನಕ ಬಂದಿದ್ದ.

ಮೊದಲ ಕ್ರೈಸ್ತರು ಆ ಮಾತು ಕೇಳಿ ಸುಮ್ಮನ ನುಂಗಲಿಲ್ಲ. ನೀ ಎಳಿ ಎಳದು ನೋಡತಿಯಲ್ಲ, ಹಂಗ ಎಳದು ನೋಡಿದರು. ಆತ್ಮ ತನ್ನ ಬಲದ ಮ್ಯಾಲ ಉಳಿಯಂಗಿಲ್ಲ, ದೇವರು ಹಿಡದಿದ್ದಕ್ಕ ಉಳೀತೈತಿ ಅಂದರು. ಬರೇ ಆತ್ಮ ಉಳದ್ರ ಸಾಲದು, ಇಡೀ ಮನಿಷ್ಯಾನ ಮೈ ಸಮೇತ ಸಾವಿನಿಂದ ಏಳಬೇಕು ಅಂದರು. ಇನ್ನೂರು ಮುನ್ನೂರು ವರ್ಷ ವಾದಾ ಮಾಡಿ ಎರಡನ್ನೂ ಇಟ್ಟುಕೊಂಡರು. ಗ್ರೀಕರದಷ್ಟ ಆಗಿದ್ರ ಅವ್ವ ಎಲ್ಲೋ ಒಂದು ಬೆಳಕಾಗಿ ಇರತಿದ್ದಳು, ಅಷ್ಟ. ನಮ್ಮವರು ಅದಕ್ಕ ಅವ್ವನ ಕೈ ಕೂಡಿಸಿದರು, ನಗು ಕೂಡಿಸಿದರು, 'ಮೊದಲ ಉಣ್ಣ, ಆಮ್ಯಾಲ ಒದರು' ಅಂತ ನಿನ್ನ ಬೈಯೋ ಬಾಯಿ ಕೂಡಿಸಿದರು. ನೀ ಅವತ್ತು ಹೇಳಿದ್ದು ಎರವಲು ಮಾತಲ್ಲ ಅಪ್ಪಾ. ದೇವರ ಬೆಳಕು ಬರೇ ಒಂದು ಊರಿನ ಮ್ಯಾಲ ಬಿದ್ದಿಲ್ಲ ಅನ್ನೋದಕ್ಕ ಸಾಕ್ಷಿ ಅದು. ಇದನ್ನ ನಾ ಮೂವತ್ನಾಕನೇ ಪುಟದಾಗ ಬರದೇನಿ.

ಇನ್ನೊಂದು ನಿನಗ ಹೇಳಿಲ್ಲ. ಅವತ್ತು ದವಾಖಾನಿಯೊಳಗ ನೀ ಆ ಮಾತು ಹೇಳಿದಾಗ, ಇದು ಖರೇ ಏನು, ಎಲ್ಲಿಂದ ಬಂತು, ಎಷ್ಟು ಗಟ್ಟಿ ಐತಿ ಅಂತ ನನ್ನ ಮನಸಿನಾಗ ಹೊಕ್ಕಿತು. ಒಂದು ವರ್ಷ ಓದಿ ಬಿಡಬೇಕಂತ ಮಾಡಿದ್ದ ಈ ಶಾಲಿ ಬಿಡಲಿಲ್ಲ, ಅದನ್ನ ನೋಡಾಕ ನಿಂತೆ. ನೋಡಿದೆ. ಗಟ್ಟಿ ಐತಿ.

ನಿನ್ನ ಮಗಳು, ಅವ್ವನ ಮಗಳು,
ಸಲೋಮಿ


ಬೆಟಗೇರಿ
೬ ಅಕ್ಟೋಬರ್ ೨೦೨೪

ಮುದ್ದು ಸಲೋಮಿಗೆ,

ನಿನ್ನ ಪತ್ರ ಬಂದು ಮೂರು ವಾರ ಆತು. ಒಂದು ದಿನ ಅತ್ತೆ, ಉಳದ ದಿನ ಎರಡನೇ ಅಧ್ಯಾಯ ಓದಿದೆ. ಮೂವತ್ನಾಕನೇ ಪುಟಾ ಮೂರು ಸಲ. ಅಲ್ಲಲ್ಲೆ ತಿಳೀಲಿಲ್ಲ, ತಿಳದಷ್ಟು ಚಲೋ ಐತಿ. ಒಂದು ಕಡೆ ಕಾಗುಣಿತ ತಪ್ಪೈತಿ, ತಿದ್ದೇನಿ.

ಇವತ್ತು ಹಿರಿಯರ ಕೂಟದಾಗ ಎದ್ದು ನಿಂತೆ. 'ಅರ್ಧಾ ಓದಿ ಪೂರಾ ಬೈದೆ, ತಪ್ಪು ನನ್ನದು, ಮಗಳದಲ್ಲ' ಅಂದೆ. ಸುಮ್ಮ ಅಂದಿಲ್ಲವ್ವಾ, ಹಿರಿಯ ಆದ ಇಪ್ಪತ್ತು ವರ್ಷದಾಗ ಮೊದಲನೇ ಸಲ ತಪ್ಪು ಅಂದೇನಿ. ಮಂದಿ ಗಾಬರಿ ಆದರು. ಮುಂಡರಗಿಯಿಂದ ಬರೋ ನಮ್ಮ ಪಾದ್ರಿಯವರು ನಿನ್ನ ಪರ ನಿಂತರು. ಕಡೀಕ ದೇವದಾನಪ್ಪ ಅಂದ: 'ಆತು, ನವೆಂಬರ್ ಇಪ್ಪತ್ನಾಕಕ್ಕ ಪ್ರಸಂಗ ಮಾಡಲಿ. ಆದ್ರ ಗ್ರೀಕರ ಸುದ್ದಿ ತಗೀಬಾರದು. ಬೆಳಿ ಹಬ್ಬದ ಮ್ಯಾಲ ನಾಕು ಮಾತಾಡಿ ಇಳೀಲಿ.' ನಿನ್ನ ಪರವಾಗಿ ನಾ ಹೂಂ ಅಂದು ಬಂದೇನಿ.

ಇಪ್ಪತ್ತು ಮಿನೀಟಿನ ಮಾತು. ಐದು ಸಹಿ ಬೀಳತಾವು. ಆಮ್ಯಾಲ ನಿನ್ನ ಗ್ರೀಕರನ್ನ ಎಲ್ಲಿ ಬೇಕಾದ್ರೂ ಕರಕೊಂಡು ತಿರುಗು. ಹಟಾ ಮಾಡಬ್ಯಾಡ ನನ್ನವ್ವಾ.

ನಿಮ್ಮಪ್ಪ


ಮಂಗಳೂರು
೧೧ ಅಕ್ಟೋಬರ್ ೨೦೨೪

ಅಪ್ಪಾ,

ನೀ ಎದ್ದು ನಿಂತದ್ದನ್ನ ಹಾಸ್ಟೆಲಿನ ಹುಡುಗ್ಯಾರಿಗೆಲ್ಲಾ ಓದಿ ತೋರಿಸಿದೆ. ಆದ್ರ ಹೂಂ ಅಂದದ್ದನ್ನ ವಾಪಸ ತಗೋ. ನನ್ನ 'ಹೂಂ' ಅದಲ್ಲ.

ನಮ್ಮ ಓಣಿ ಹುಡುಗರು ಕಾಲೇಜಿಗೆ ಹೊಂಟಾರ, ಕೈಯಾಗ ಮೊಬೈಲ್ ಐತಿ. ನೀ ಓದಿದ ಹನ್ನೆರಡನೇ ಪುಟದ ಮಾತನ್ನ ನಾಳೆ ಬ್ಯಾರೆ ಕಡೆ ಓದತಾರ. ಅವರ ಮನ್ಯಾಗೂ ಯಾರೋ ಸತ್ತಿರತಾರ. ನಿನಗ ಮೂರು ತಿಂಗಳು ಆದ ಸಂಕಟಾನ ಅವರಿಗೂ ಆಕ್ಕೈತಿ. ಮುಂದ ಇನ್ನೊಂದು ಪುಟಾ ಐತಿ ಅಂತ ಅವರಿಗೆ ಪೀಠದ ಮ್ಯಾಲಿಂದ ಹೇಳಾಕ ಬರದಿದ್ರ, ನನಗ ಪಾದ್ರಿ ದೀಕ್ಷಾ ಯಾಕ ಬೇಕು? ಬೆಳಿ ಹಬ್ಬದ ಮ್ಯಾಲ ಮಾತಾಡಾಕ ಯಾರರ ಸಿಗತಾರ.

ಪೂರಾ ಮಾತಾಡತೇನಿ, ಇಲ್ಲಂದ್ರ ಇಲ್ಲ. ದೀಕ್ಷಾ ಹೋದ್ರ ಅಳತೇನಿ. ಅತ್ತು ಸುಧಾರಿಸಿಕೊಳ್ಳತೇನಿ.

ಸಲೋಮಿ


ಬೆಟಗೇರಿ
೧೦ ನವೆಂಬರ್ ೨೦೨೪

ಸಲೋಮಿ ಮಗಳ,

ನಿನ್ನ ಪತ್ರ ಓದಿ ಮೊದಲ ಸಿಟ್ಟು ಬಂತು. ನಮ್ಮವ್ವನ ಹಟಾ ನಿನಗ ಬಂದೈತಿ ಅಂತ ಬೈದುಕೋತ ಎರಡು ದಿನ ತಿರುಗಿದೆ. ಆಮ್ಯಾಲ ಎರಡನೇ ಸಲ ಓದಿದೆ. ಈಗೀಗ ಎಲ್ಲಾನೂ ಎರಡು ಸಲ ಓದತೇನಿ.

ಹೋದ ಭಾನುವಾರ ಕೂಟದಾಗ ನನ್ನ ಹೂಂ ವಾಪಸ ತಗೊಂಡೆ. 'ಹಂಗಾರ ಹೆಸರು ಹೊಡದದ್ದು ಹೊಡದಂಗ ಇರಲಿ' ಅಂದ ದೇವದಾನಪ್ಪ. ನಾ ಕುಂದ್ರಲಿಲ್ಲ. ಸುವಾರ್ತಿ ಸತ್ತಮ್ಯಾಲ ಯಾರ ಮುಂದೂ ಆಕಿ ಸುದ್ದಿ ತಗದಾಂವಲ್ಲ ನಾನು, ಅವತ್ತು ತಗದೆ. ಈ ಮೂರು ತಿಂಗಳು ಆಕಿ ಎರಡನೇ ಸಲ ಸತ್ತಂಗ ಆಗಿತ್ತು ಅಂತ ಹೇಳಿದೆ. ಮಗಳು ಬರದ ಮ್ಯಾಲ ಆಕಿ ಮತ್ತ ಮನಿಗೆ ಬಂದಳು ಅಂತ ಹೇಳಿದೆ.

ಆಮ್ಯಾಲ ದೇವದಾನಪ್ಪನ ಕಡೆ ತಿರುಗಿದೆ. 'ನಿನ್ನ ತಮ್ಮ ಲಾರಿ ಅಡಿಯಾಗ ಹೋದಾಗ ನಾ ಬಂದು ಏನು ಹೇಳಿದೆ? ಆತ್ಮ ಸಾಯಂಗಿಲ್ಲ ಅಂದೆ. ನೀ ನನ್ನ ಎರಡೂ ಕೈ ಹಿಡಕೊಂಡು ಅತ್ತಿ. ಇದು ಯಾವ ಊರಿನ ಮಾತು ಅಂತ ಆವಾಗ ಕೇಳಲಿಲ್ಲಲ್ಲೋ ತಮ್ಮಾ. ಈಗ ಗೊತ್ತಾಗೈತಿ. ಗೊತ್ತಿದ್ದವರು ಹೇಳಲಿ ಬಿಡು. ನಾವು ನಂಬಿದ್ದು ಅಷ್ಟು ಹೆದರೂವಂಥಾದ್ದೇನು?'

ಅಂವ ಹೆಸರಿನ ಪಟ್ಟಿ ತನ್ನ ಕಡೆ ಎಳಕೊಂಡ. ಆಮ್ಯಾಲ, 'ಮಾತಾಡಲಿ. ಕೇಳತೇನಿ. ಸಹಿ ಮಾಡತೇನೋ ಬಿಡತೇನೋ, ಕೇಳಿದ ಮ್ಯಾಲ' ಅಂದ. ಅಷ್ಟ ಅಂದಾನ. ಅದು ಸಾಕು, ಅಂವ ಖರೇ ಮನಿಷ್ಯಾ. ನಿನ್ನ ಹೆಸರು ಮತ್ತ ಬರದರು.

ಇಪ್ಪತ್ನಾಕಕ್ಕ ಪೀಠಾ ನಿಂದು. ಗ್ರೀಕರನ್ನೂ ಕರಕೊಂಡು ಬಾ. ಸುಕ್ರಾತ ಬರಲಿ, ಮೇಲುಹೊದಿಕಿಯಾಂವ ಬರಲಿ, ಆ ಸಿಟ್ಟಿನ ಆಫ್ರಿಕಾದಾಂವನ್ನ ಬಿಟ್ಟು ಬರಬ್ಯಾಡ, ಅಂವ ನನ್ನ ಪಕ್ಷದಾಂವ. ಮತ್ತ ಯಾರದೂ ಅಂಜಿಕಿ ಇಟ್ಟುಕೊಂಡು ಮೂವತ್ನಾಕನೇ ಪುಟದಿಂದ ಶುರು ಮಾಡಬ್ಯಾಡ. ನಾ ಕಲಿಸಿದಂಗ ಮಾಡು. ಹನ್ನೆರಡನೇ ಪುಟದಿಂದನ ಎತ್ತು, ಗಟ್ಟಿಯಾಗಿ ಎತ್ತು. ಯಾರೂ ಅರ್ಧಕ್ಕ ಎದ್ದು ಹೋಗದಂಗ ಬಾಗಲದಾಗ ನಾ ನಿಂತಿರತೇನಿ.

ಪೂರಾ ಓದಿದ ನಿಮ್ಮಪ್ಪ,
ಸಮಾಧಾನಪ್ಪ